ಡಾಲಿ ಇನ್ ಅಂದರೆ ಝೂಮ್ ಕೊಡುತ್ತದೆ: ಎಐ ವಿಡಿಯೊಗೆ ಕ್ಯಾಮೆರಾ ಚಲನೆ ಹೇಳುವ ನಾಲ್ಕು ದಾರಿ

ಕೊಪ್ಪಳದಲ್ಲಿ ನನ್ನದೊಂದು ಸಣ್ಣ ಸ್ಟುಡಿಯೊ. ಮದುವೆ, ಸೀಮಂತ, ಜಾತ್ರೆ ಶೂಟ್ ಮಾಡುವ ಕೆಲಸ. ಆಷಾಢದಲ್ಲಿ ಮದುವೆಗಳಿರುವುದಿಲ್ಲ. ಈ ಸಲ ಆ ಬಿಡುವಿನಲ್ಲಿ ಎಐ ವಿಡಿಯೊ ಟೂಲ್‌ಗಳ ಮುಂದೆ ಕೂತೆ. ಕ್ಯಾಮೆರಾ ಹೀಗೆ ಹೋಗಲಿ ಎಂದು ಪ್ರಾಂಪ್ಟ್‌ನಲ್ಲಿ, ಅಂದರೆ ಟೂಲ್‌ಗೆ ಬರೆದುಕೊಡುವ ಸೂಚನೆಯಲ್ಲಿ, ಬರೆದರೆ ಅದು ಮಾತು ಕೇಳುತ್ತದೆಯೇ, ಯಾವ ರೀತಿ ಬರೆದರೆ ಹೆಚ್ಚು ಕೇಳುತ್ತದೆ ಎಂದು ತಿಳಿಯಬೇಕಿತ್ತು.

ಎರಡೇ ಫೋಟೊ ಇಟ್ಟುಕೊಂಡೆ. ಒಂದು ಇಟಗಿ ಮಹಾದೇವ ದೇವಾಲಯದ ತೆರೆದ ಮಂಟಪ. 1112ರಲ್ಲಿ ಕಟ್ಟಿದ, ಶಾಸನದಲ್ಲೇ ‘ದೇವಾಲಯ ಚಕ್ರವರ್ತಿ’ ಎನಿಸಿಕೊಂಡ ಗುಡಿ ಅದು. ಇನ್ನೊಂದು ಕಿನ್ನಾಳದ ಮರದ ಗರುಡ ಗೊಂಬೆ. ಇಟಗಿಯನ್ನೇ ಆರಿಸಿದ್ದು ಅಲ್ಲಿನ ಕಂಬಸಾಲಿಗಾಗಿ. ಕ್ಯಾಮೆರಾ ನಿಜಕ್ಕೂ ಮುಂದೆ ಹೋದರೆ ಹತ್ತಿರದ ಕಂಬ ಬೇಗ ಬದಿಗೆ ಸರಿಯುತ್ತದೆ, ದೂರದ್ದು ನಿಧಾನಕ್ಕೆ. ಝೂಮ್ ಆದರೆ ಎಲ್ಲ ಕಂಬಗಳೂ ಒಂದೇ ಲೆಕ್ಕದಲ್ಲಿ ಹಿಗ್ಗುತ್ತವೆ, ಕಂಬದ ಹಿಂದೆ ಮರೆಯಾಗಿದ್ದದ್ದು ಹಾಗೇ ಮರೆಯಲ್ಲಿ ಉಳಿಯುತ್ತದೆ. ಯಂತ್ರ ಯಾವುದು ಮಾಡಿತು ಎಂಬುದನ್ನು ಕಂಬಗಳೇ ಹೇಳಿಬಿಡುತ್ತವೆ.

ಮೊದಲು ಬರೀ ಪಾರಿಭಾಷಿಕ ಪದ ಹಾಕಿದೆ: ‘ಡಾಲಿ ಇನ್’, ಅಂದರೆ ಇಡೀ ಕ್ಯಾಮೆರಾ ಮುಂದಕ್ಕೆ ಸಾಗುವುದು. ಹತ್ತು ಸಲ ಓಡಿಸಿದರೆ ಆರು ಸಲ ಬಂದದ್ದು ಝೂಮ್. ಇದಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ. ಈ ಎಐ ಮಾದರಿಗಳೊಳಗೆ ಲೆನ್ಸೂ ಇಲ್ಲ, ಟ್ರಾಲಿಯೂ ಇಲ್ಲ. ವಿಡಿಯೊ ಮತ್ತು ಅದರ ವಿವರಣೆ ಎರಡನ್ನೂ ಜೋಡಿಯಾಗಿ ನೋಡಿ ಕಲಿತಂಥವು. ವಿವರಣೆ ಬರೆಯುವವರಲ್ಲಿ ಬಹಳ ಮಂದಿ ಹತ್ತಿರಕ್ಕೆ ಹೋದದ್ದನ್ನೆಲ್ಲ ಝೂಮ್ ಎಂದೇ ಕರೆಯುತ್ತಾರೆ. ಪ್ಯಾನ್ ಕಥೆಯೂ ಹೀಗೇ. ಪ್ಯಾನ್ ಅಂದರೆ ಕ್ಯಾಮೆರಾ ನಿಂತಲ್ಲೇ ನಿಂತು ಕತ್ತು ಹೊರಳಿಸುವುದು, ಟ್ರಕ್ ಅಂದರೆ ಇಡೀ ಕ್ಯಾಮೆರಾ ಪಕ್ಕಕ್ಕೆ ಜರುಗುವುದು. ಎರಡಕ್ಕೂ ಒಂದೇ ಬಗೆಯ ವಿಡಿಯೊ ಬಂತು. ‘ಪ್ಯಾನ್ ಲೆಫ್ಟ್’ ಅಂದಾಗ ಕೆಲವೊಮ್ಮೆ ಬಲಕ್ಕೆ ತಿರುಗಿತು. ಕ್ಯಾಮೆರಾ ಎಡಕ್ಕೆ ಹೊರಳಿದರೆ ಚಿತ್ರ ಬಲಕ್ಕೆ ಓಡುತ್ತದಲ್ಲ, ಆ ಗೊಂದಲವೇ ಇರಬೇಕು. ನಮ್ಮ ಕಡೆ ಎಲ್ಲರೂ ಹೇಳುವ ‘ಡ್ರೋನ್ ಶಾಟ್’ ಹಾಕಿದೆ ನೋಡಿ, ಮಂಟಪದ ಮೇಲೆ ಒಂದು ಡ್ರೋನೇ ಹಾರಿ ಬಂತು.

ಎರಡನೆಯ ದಾರಿ, ಚೌಕಟ್ಟಿನೊಳಗೆ ಏನು ಬರಬೇಕು, ಏನು ಹೋಗಬೇಕು ಎಂದು ಬಿಡಿಸಿ ಬರೆಯುವುದು. ಡಾಲಿ ಇನ್ ಬದಲು ಹೀಗೆ ಬರೆದೆ: ‘ಆಳೆತ್ತರದಲ್ಲಿ ಕ್ಯಾಮೆರಾ ಎರಡು ಕಂಬಗಳ ನಡುವಿನಿಂದ ನಿಧಾನವಾಗಿ ಮುಂದೆ ಸಾಗುತ್ತದೆ. ಹತ್ತಿರದ ಕಂಬಗಳು ಚೌಕಟ್ಟಿನ ಎರಡೂ ಬದಿಯಿಂದ ಹೊರಗೆ ಜಾರುತ್ತವೆ. ಒಳಗಿನ ಬಾಗಿಲು ಕ್ರಮೇಣ ದೊಡ್ಡದಾಗುತ್ತದೆ.’ ಹತ್ತರಲ್ಲಿ ಎಂಟು ಸಲ ಕಂಬಗಳು ಸರಿಯಾಗಿ ಜರುಗಿದವು. ಮೊದಲ ಸಲ ನೋಡಿದಾಗ ಮೈ ಜುಮ್ಮೆಂದಿತು, ಬೆಳಗಿನ ಹೊತ್ತು ಆ ಮಂಟಪದೊಳಗೆ ನಡೆದು ಹೋದ ಹಾಗೇ ಇತ್ತು. ಇದರಲ್ಲಿ ಎರಡು ಪಾಠ ಕಲಿತೆ. ಐದು ಸೆಕೆಂಡಿಗೆ ಒಂದೇ ಚಲನೆ ಕೇಳಬೇಕು. ಮುಂದೆ ಹೋಗಿ, ಮೇಲೆತ್ತಿ, ಎಡಕ್ಕೆ ತಿರುಗು ಎಂದರೆ ಮೂರೂ ಕೆಡುತ್ತವೆ. ಬೇಡವಾದದ್ದನ್ನು ಬರೆಯಲೂಬಾರದು. ‘ಕ್ಯಾಮೆರಾ ಅಲುಗಾಡಬಾರದು’ ಎಂದಾಗ ಇನ್ನಷ್ಟು ಅಲುಗಾಡಿತು, ‘ಟ್ರೈಪಾಡ್ ಮೇಲೆ ಇಟ್ಟಂತೆ ಸ್ಥಿರ’ ಎಂದಾಗ ನಿಂತಿತು. ಅಂದಹಾಗೆ, ಇವನ್ನೆಲ್ಲ ಇಂಗ್ಲಿಷಿನಲ್ಲೇ ಟೈಪ್ ಮಾಡಿದ್ದು. ಕನ್ನಡದಲ್ಲಿ ಬರೆದಾಗ ದೃಶ್ಯ ಚೆನ್ನಾಗಿಯೇ ಬಂತು, ಚಲನೆ ಮಾತ್ರ ಸಡಿಲವಾಯಿತು. ನಮ್ಮ ಭಾಷೆಯಲ್ಲೇ ಆಗಬೇಕೆಂಬ ಆಸೆ ನನಗಿದೆ, ಇವತ್ತಿಗೆ ಅದು ಕೈಗೂಡಲಿಲ್ಲ.

ಮೂರನೆಯದು ಟೂಲ್‌ಗಳೇ ಕೊಡುವ ನಿಯಂತ್ರಣ. ರನ್‌ವೇ ಎಂಬ ಎಐ ವಿಡಿಯೊ ಕಂಪನಿ 2024ರ ನವೆಂಬರ್‌ನಲ್ಲಿ ಜೆನ್-3 ಆಲ್ಫಾ ಟರ್ಬೊ ಮಾದರಿಗೆ ಚಲನೆಯ ದಿಕ್ಕು, ತೀವ್ರತೆ ಎರಡನ್ನೂ ಹೊಂದಿಸುವ ಸೌಲಭ್ಯ ತಂದಿತು. ಹೈಲುವೊ ಎಂಬ ಇನ್ನೊಂದು ಟೂಲ್‌ನ ಡೈರೆಕ್ಟರ್ ಮಾದರಿಯಲ್ಲಿ ಆಜ್ಞೆಯನ್ನು ಚೌಕ ಆವರಣದೊಳಗೆ ಬರೆಯಬೇಕು. ಎಡ-ಬಲದ ಗೊಂದಲ ಇಂಥ ಕಡೆ ಬಹುಮಟ್ಟಿಗೆ ತಪ್ಪುತ್ತದೆ. ಗಡಿಬಿಡಿ ಕೆಲಸಕ್ಕೆ ಇದೇ ಸಾಕು.

ನಾಲ್ಕನೆಯದು ಮೊದಲ ಚಿತ್ರ, ಕೊನೆಯ ಚಿತ್ರ ಎರಡನ್ನೂ ನಾವೇ ಕೊಟ್ಟು ನಡುವಿನ ದಾರಿಯನ್ನು ಯಂತ್ರಕ್ಕೆ ಬಿಡುವುದು. ಕಿನ್ನಾಳದ ಗೊಂಬೆಯಲ್ಲಿ ಗೆದ್ದದ್ದು ಇದೇ. ಎದುರಿನ ಒಂದೇ ಫೋಟೊ ಕೊಟ್ಟು ‘ಆರ್ಬಿಟ್’, ಅಂದರೆ ಕ್ಯಾಮೆರಾ ಸುತ್ತು ಹಾಕಲಿ, ಎಂದಾಗ ಗರುಡನ ಬೆನ್ನಿಗೆ ಇಲ್ಲದ ರೆಕ್ಕೆ, ಇಲ್ಲದ ಹಾರ ಅಂಟಿಕೊಂಡವು. ಹಗುರ ಮರದಲ್ಲಿ ಕೆತ್ತಿ, ಹುಣಸೆ ಬೀಜದ ಅಂಟಿನಿಂದ ಭಾಗಗಳನ್ನು ಕೂಡಿಸಿ, ತಲೆಮಾರುಗಳಿಂದ ಅದೇ ಬಣ್ಣ ಬಳಿಯುತ್ತ ಬಂದವರ ಮುಂದೆ ಅದನ್ನು ಹೇಗೆ ತೋರಿಸಲಿ? ಎದುರಿನದೊಂದು, ಬದಿಯದೊಂದು ಫೋಟೊ ತೆಗೆದು ಎರಡನ್ನೂ ಕೊಟ್ಟೆ. ಗೊಂಬೆ ಗೊಂಬೆಯಾಗಿಯೇ ತಿರುಗಿತು.

ಅದೇ ಧೈರ್ಯದಲ್ಲಿ ಇಟಗಿ ಗುಡಿಯ ಸುತ್ತ ಆರ್ಬಿಟ್ ಮಾಡಿಸಿದೆ. ನೋಡಲು ಬಹಳ ಚಂದ, ನುಣುಪು, ಸಿನಿಮಾ ತರಹ. ಗೆಳೆಯನ ಮನೆಗೆ ಇಟಗಿಯಿಂದ ಬಂದಿದ್ದ ಹಿರಿಯರೊಬ್ಬರಿಗೆ ಫೋನಿನಲ್ಲಿ ತೋರಿಸಿದೆ. ಅವರು ಕನ್ನಡಕ ಏರಿಸಿ ಎರಡು ಸಲ ನೋಡಿದರು.

“ಮುಂದಿಂದು ನಮ್ಮ ಗುಡಿ ಐತಿ ತಮ್ಮಾ. ಹಿಂದಿನ ಗ್ವಾಡಿ ಯಾವ ಊರಿಂದು?”

ಅವರು ಹೇಳಿದ ಮೇಲೆ ನನ್ನ ಹಳೆಯ ಫೋಟೊಗಳ ಪಕ್ಕ ಇಟ್ಟು ನೋಡಿದೆ. ಗೋಡೆಯ ಗೂಡುಗಳು ಬೇರೆ, ಶಿಖರದ ಹಿಂಬದಿ ಬೇರೆ. ಫೋಟೊದಲ್ಲಿ ಕಾಣದ ಬದಿಯನ್ನು ಯಂತ್ರ ತನಗೆ ತೋಚಿದಂತೆ ಕಟ್ಟಿತ್ತು. ಗೊಂಬೆಗೆ ನಾನು ಎರಡು ಬದಿ ಕೊಟ್ಟಿದ್ದೆ, ತುಂಬಬೇಕಾದ ಜಾಗ ಸ್ವಲ್ಪವೇ ಇತ್ತು. ಗುಡಿಯಲ್ಲಿ ಮೂರು ಬದಿಯನ್ನು ಅದರ ಪಾಲಿಗೇ ಬಿಟ್ಟಿದ್ದೆ.

ಅಂದಿನಿಂದ ನನ್ನ ಆಯ್ಕೆ ಬದಲಾಗಿದೆ. ಕಲ್ಪನೆಯ ದೃಶ್ಯಕ್ಕೆ ಯಾವ ಚಲನೆಯಾದರೂ ಆದೀತು. ನಿಜವಾಗಿ ಇರುವ ಗುಡಿ, ಕೋಟೆ, ಮನೆ, ಮನುಷ್ಯರಿಗೆ ಎರಡನೆಯ ದಾರಿಯಲ್ಲೇ ಹೋಗುತ್ತೇನೆ, ಅದೂ ಫೋಟೊದಲ್ಲಿ ಈಗಾಗಲೇ ಕಾಣುವ ಕಡೆಗೆ ಮಾತ್ರ: ನಿಧಾನವಾಗಿ ಮುಂದಕ್ಕೆ, ಇಲ್ಲವೇ ಕೆಳಗಿನಿಂದ ತುಸು ಮೇಲಕ್ಕೆ. ಡಾಲಿ ಔಟ್ ಕೂಡ ಮಾಡುವುದಿಲ್ಲ, ಹಿಂದೆ ಸರಿದಷ್ಟೂ ಅಂಚಿನಲ್ಲಿ ಇಲ್ಲದ ಕಲ್ಲುಗಳು ಹುಟ್ಟುತ್ತವೆ.

ಇಟಗಿ ವಿಡಿಯೊ ಮುಗಿದಿದೆ, ಗುಡಿ ಸುತ್ತುವ ಏಳು ಸೆಕೆಂಡು ಮಾತ್ರ ಖಾಲಿ ಇಟ್ಟಿದ್ದೇನೆ. ಗಿಂಬಲ್ (ಕ್ಯಾಮೆರಾ ಅಲುಗಾಡದಂತೆ ಹಿಡಿಯುವ ಸಾಧನ) ಹಿಡಿದು ಅಲ್ಲೇ ಶೂಟ್ ಮಾಡಲು ಪುರಾತತ್ವ ಸರ್ವೇಕ್ಷಣ ಇಲಾಖೆಗೆ ಅನುಮತಿ ಪತ್ರ ಬರೆದಿಟ್ಟಿದ್ದೇನೆ. ಸೋಮವಾರ ಕೊಡಬೇಕು.