ಟೋರ್ಟಿಯಾ ರೋಲ್ ಮಾಡೋದಾ, ಸೌತೆಕಾಯಿ ರೋಲಾ?

ಒಲೆ ಹಚ್ಚದೆ ಹತ್ತು ಜನಕ್ಕೆ ಬಾಯಾಡಿಸಲು ಏನಾದರೂ ಬೇಕು ಅಂದಾಗ ನಾನು ಈ ಎರಡರಲ್ಲಿ ಒಂದನ್ನು ಮಾಡುತ್ತೇನೆ.

ಹಿಂದಿನ ರಾತ್ರಿಯೇ ಮಾಡಿಡಬೇಕಾ? ಹಾಗಾದರೆ ಟೋರ್ಟಿಯಾ, ಅಂದರೆ ಚಪಾತಿಯಂಥ ತೆಳು ಗೋಧಿ ರೊಟ್ಟಿ. ಕ್ರೀಮ್ ಚೀಸನ್ನು ಅರ್ಧ ಗಂಟೆ ಮೊದಲೇ ಫ್ರಿಜ್‌ನಿಂದ ತೆಗೆದಿಡಿ. ಗಟ್ಟಿ ಇರುವಾಗ ಸವರಲು ಹೋದರೆ ಟೋರ್ಟಿಯಾ ಹರಿಯುತ್ತದೆ. ಅಂಚಿನವರೆಗೂ ಸವರಿ, ರೋಲ್ ಬಿಚ್ಚಿಕೊಳ್ಳದಂತೆ ಹಿಡಿದಿಡುವ ಅಂಟು ಅದೇ. ಮೇಲೆ ಸಣ್ಣಗೆ ಹೆಚ್ಚಿದ ಕ್ಯಾಪ್ಸಿಕಂ, ಒಂದಿಷ್ಟು ಕ್ಯಾರೆಟ್ ತುರಿ ಸಾಕು. ಆಸೆಗೆ ಬಿದ್ದು ಜಾಸ್ತಿ ತುಂಬಬೇಡಿ. ಬಿಗಿಯಾಗಿ ಸುತ್ತಿ, ಪ್ಲಾಸ್ಟಿಕ್ ಹಾಳೆಯಲ್ಲಿ ಮುಚ್ಚಿ, ಕನಿಷ್ಠ 1 ಗಂಟೆ ಫ್ರಿಜ್‌ನಲ್ಲಿಡಿ. ನಾನೊಮ್ಮೆ ಅವಸರಕ್ಕೆ ಸುತ್ತಿದ ತಕ್ಷಣ ಕತ್ತರಿಸಿದೆ. ಹೂರಣವೆಲ್ಲ ಪಕ್ಕದಿಂದ ಹೊರಬಂತು, ಬಿಲ್ಲೆಗಳು ಚಪ್ಪಟೆಯಾದವು! ತಣ್ಣಗಾದ ಮೇಲೆ ಹರಿತವಾದ ಚಾಕುವಿನಿಂದ 2 ಸೆಂ.ಮೀ. ದಪ್ಪಕ್ಕೆ ಕತ್ತರಿಸಿ, ಒಂದೊಂದು ಏಟಿಗೂ ಚಾಕು ಒರೆಸಿಕೊಳ್ಳಿ.

ಸೌತೆಕಾಯಿಯದು ನೋಡಲು ಚೆಂದ, ತಿನ್ನಲು ಹಗುರ. ಗೋಧಿ ತಿನ್ನದವರಿಗೂ ಆಗುತ್ತದೆ. ಸಿಪ್ಪೆ ತೆಗೆಯುವ ಪೀಲರ್‌ನಿಂದಲೇ ಉದ್ದುದ್ದ ಪಟ್ಟಿ ಎಳೆಯಬಹುದು, ಬೀಜದ ಭಾಗ ಬಂದ ಕೂಡಲೇ ನಿಲ್ಲಿಸಿ. ತಲೆನೋವೆಂದರೆ ನೀರು. ಪಟ್ಟಿಗಳನ್ನು ಬಟ್ಟೆಯಲ್ಲಿ ಒತ್ತಿ ಒರೆಸಿದರೂ ಸ್ವಲ್ಪ ಹೊತ್ತಿಗೆ ತಟ್ಟೆ ಒದ್ದೆ. ಹಾಗಾಗಿ ನೆಂಟರು ಬರುವ ಹೊತ್ತಿಗೆ ಅದೇ ಚೀಸ್ ಸವರಿ ಸುತ್ತಬೇಕು, ಒಂದೊಂದಕ್ಕೂ ಕಡ್ಡಿ ಚುಚ್ಚಬೇಕು. ಆರು ಜನಕ್ಕಾದರೆ ಸರಿ, ಇಪ್ಪತ್ತಕ್ಕೆ ಸುಮ್ನೆ ಕೈನೋವು ಅಲ್ವಾ?

ಯಾವುದೇ ಆಗಲಿ, ಚೀಸ್ ಇರುವುದನ್ನು 2 ಗಂಟೆಗಿಂತ ಜಾಸ್ತಿ ಹೊರಗಿಡಬೇಡಿ. ಅರ್ಧ ತಟ್ಟೆಗೆ ಹಾಕಿ, ಉಳಿದರ್ಧ ಫ್ರಿಜ್‌ನಲ್ಲೇ ಇರಲಿ.