ಮಡಿಕೇರಿಯಲ್ಲಿ ಕೊಂಡ ಆಕ್ಸಿಮೀಟರ್: ಒಂದು ಮಳೆಗಾಲ ಬಳಸಿದ ಮೇಲೆ

ಅಪ್ಪನಿಗೆ ದಮ್ಮು. ನಮ್ಮ ಮನೆ ಸೋಮವಾರಪೇಟೆ ಹತ್ತಿರದ ಕಾಫಿ ತೋಟದಲ್ಲಿ, ಜುಲೈ ಮಳೆಗೆ ಮರ ಬಿದ್ದು ರಸ್ತೆ ಬಂದ್ ಆದರೆ ಆಸ್ಪತ್ರೆಗೆ ಹೋಗುವುದೇ ಕಷ್ಟ, ಅದಕ್ಕೇ ಕಳೆದ ವರ್ಷ ಮಡಿಕೇರಿಯ ಮೆಡಿಕಲ್ ಶಾಪಿನಲ್ಲಿ 1,200 ರೂಪಾಯಿ ಕೊಟ್ಟು ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ತಂದೆ. ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಅಂತ ಶೇಕಡಾ ಲೆಕ್ಕದಲ್ಲಿ ತೋರಿಸುವ ಯಂತ್ರ ಅದು.

ಮೊದಲ ರಾತ್ರಿಯೇ 84 ತೋರಿಸಿತು. ಅಪ್ಪ ಆರಾಮಾಗಿ ಕೂತು ಗಂಜಿ ಕುಡಿಯುತ್ತಿದ್ದರು, ಅಮ್ಮನಿಗೆ ಮಾತ್ರ ಕೈಕಾಲು ನಡುಕ. ಅಪ್ಪನ ಬೆರಳು ಮುಟ್ಟಿದರೆ ಮಂಜುಗಡ್ಡೆ! ಒಲೆ ಮುಂದೆ ಕೂರಿಸಿ, ಕೈ ಉಜ್ಜಿ, ಸ್ವಲ್ಪ ಹೊತ್ತು ಬಿಟ್ಟು ಹಾಕಿದರೆ 95.

ಇದು ಕೆಲಸ ಮಾಡುವುದು ಬೆಳಕಿನಿಂದ. ಒಂದು ಕಡೆಯಿಂದ 660 ನ್ಯಾನೋಮೀಟರಿನ ಕೆಂಪು ಬೆಳಕು, ಜೊತೆಗೆ 940ರ ಆಸುಪಾಸಿನ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್. ಆಮ್ಲಜನಕ ತುಂಬಿದ ರಕ್ತ ಇನ್‌ಫ್ರಾರೆಡ್ಡನ್ನು ಜಾಸ್ತಿ ಹೀರುತ್ತದೆ, ಆಮ್ಲಜನಕ ಇಲ್ಲದ್ದು ಕೆಂಪನ್ನು. ಆದರೆ ಬೆರಳಲ್ಲಿ ಚರ್ಮ, ಮೂಳೆ, ಮಾಂಸ ಎಲ್ಲಾ ಇದೆಯಲ್ವಾ, ಅವೂ ಬೆಳಕು ಹೀರುತ್ತವಲ್ಲ? ಜಪಾನಿನ ಎಂಜಿನಿಯರ್ ಟಕುವೋ ಅವೊಯಾಗಿ 1970ರ ದಶಕದಲ್ಲಿ ಕಂಡುಕೊಂಡ ದಾರಿ ಎಂದರೆ, ನಾಡಿ ಬಡಿದಾಗ ಏರಿಳಿಯುವ ಬೆಳಕನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುವುದು. ಚಳಿಗೆ ಬೆರಳಿನ ರಕ್ತನಾಳ ಕುಗ್ಗಿದರೆ ಆ ಏರಿಳಿತವೇ ಸಿಗುವುದಿಲ್ಲ, ಲೆಕ್ಕ ತಪ್ಪುತ್ತದೆ. ನಮ್ಮೂರಿನ ಚಳಿಯಲ್ಲಿ ಇದೇ ದೊಡ್ಡ ತೊಂದರೆ, ಆದರೆ ಡಬ್ಬಿಯೊಳಗಿನ ಚೀಟಿಯಲ್ಲಿ ತಣ್ಣನೆ ಬೆರಳಿನ ಬಗ್ಗೆ ಒಂದು ಸಾಲೂ ಇಲ್ಲ. ನನಗೆ ನಿಜಕ್ಕೂ ಸಿಟ್ಟು ಬಂದಿದ್ದು ಅದಕ್ಕೆ.

ಗಾಢ ಬಣ್ಣದ ನೇಲ್ ಪಾಲಿಶ್ ಇದ್ದರೂ ಅಳತೆ ತಪ್ಪಬಹುದು. ಚರ್ಮ ಕಪ್ಪಾಗಿದ್ದರೆ ಇರುವುದಕ್ಕಿಂತ ಜಾಸ್ತಿ ತೋರಿಸುವುದೂ ಉಂಟು, ಇದು ನಮಗೆಲ್ಲ ಗೊತ್ತಿರಬೇಕು.

ಇನ್ನೊಂದು ಮಾತು, ದಯವಿಟ್ಟು ಗಮನಿಸಿ. ಮಳೆಗಾಲದಲ್ಲಿ ಬಾಗಿಲು ಹಾಕಿಕೊಂಡು ಕೋಣೆಯಲ್ಲಿ ಕೆಂಡ ಇಡುವ ಮನೆಗಳು ನಮ್ಮ ಕಡೆ ಇವೆ. ಆ ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಗಾಳಿ ರಕ್ತಕ್ಕೆ ಸೇರಿದರೆ ಈ ಯಂತ್ರ ಅದನ್ನೂ ಆಮ್ಲಜನಕ ಅಂತಲೇ ಓದಿ ಸುಮ್ನೆ 98 ತೋರಿಸಬಹುದು. ತಲೆ ಸುತ್ತು, ವಾಂತಿ ಬಂದರೆ ಅಂಕಿ ನೋಡುತ್ತಾ ಕೂರಬೇಡಿ, ಮೊದಲು ಹೊರಗೆ ಕರೆತಂದು ಆಸ್ಪತ್ರೆಗೆ ಹೊರಡಿ.

ಬ್ಯಾಟರಿ ಚೆನ್ನಾಗಿ ಬಾಳಿಕೆ ಬಂತು. ಅಂಕಿ ದೊಡ್ಡದು, ಅಪ್ಪನೇ ಓದಿಕೊಳ್ಳುತ್ತಾರೆ. ಕೊಳ್ಳಬಹುದು. ನಾವೀಗ ದಿನಾ ಬೆಳಿಗ್ಗೆ ಕಾಫಿ ಲೋಟ ಹಿಡಿದು ಕೈ ಬೆಚ್ಚಗಾದ ಮೇಲೆಯೇ ನೋಡಿ ಪುಸ್ತಕದಲ್ಲಿ ಬರೆದಿಡುತ್ತೇವೆ, ಡಾಕ್ಟರಿಗೆ ಫೋನಿನಲ್ಲಿ ಅದನ್ನೇ ಓದಿ ಹೇಳುತ್ತೇವೆ.