ವಸಂತದ ಶಿರಸಿಯೂ ಎಂಟು ಪುಟದ ವಾರಪತ್ರಿಕೆಯೂ

ಶಿವರಾತ್ರಿಯಿಂದ ಯುಗಾದಿಯವರೆಗಿನ ದಿನಗಳಲ್ಲಿ ಶಿರಸಿಯಲ್ಲಿ ನಡೆಯುವಷ್ಟು ಸಂಗತಿಗಳು ವರ್ಷದ ಬೇರೆ ಯಾವ ಕಾಲದಲ್ಲಿಯೂ ನಡೆಯುವುದಿಲ್ಲ. ಅಡಿಕೆ ಕೊಯ್ಲು ಮುಗಿದು ಕೈಯಲ್ಲಿ ಒಂದಿಷ್ಟು ದುಡ್ಡೂ, ಮಳೆಗಾಲದ ಕೆಲಸಗಳು ಶುರುವಾಗುವ ಮುನ್ನ ಒಂದಿಷ್ಟು ಬಿಡುವೂ ಒಟ್ಟಿಗೆ ಸಿಗುವುದು ಆಗ ಮಾತ್ರವಾದ್ದರಿಂದ ಜಾತ್ರೆ, ಆಲೆಮನೆ, ಬಯಲಾಟ, ಶಾಲೆಯ ವಾರ್ಷಿಕೋತ್ಸವ, ಉಪನಯನ ಎಲ್ಲವೂ ಒಂದರ ಬೆನ್ನಿಗೆ ಒಂದು ಬಂದು ಕೂರುತ್ತವೆ. ಊರಿನ ಸುದ್ದಿಯನ್ನೇ ನಂಬಿಕೊಂಡು ನಡೆಯುವ ಪತ್ರಿಕೆಯನ್ನು ಪರೀಕ್ಷಿಸಬೇಕಾದ ಕಾಲವೂ ಅದೇ. ಶಿರಸಿ ಸೀಮೆಯಲ್ಲಿ ಓದುವ, ನಾನೂ ಚಂದಾದಾರನಾಗಿರುವ ವಾರಪತ್ರಿಕೆಯೊಂದರ 2024 ಮತ್ತು 2025ರ ವಸಂತದ ಸಂಚಿಕೆಗಳನ್ನು ಮುಂದಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಮೊದಲನೆಯದು ಎರಡು ವರ್ಷಕ್ಕೊಮ್ಮೆ ಬರುವ ಮಾರಿಜಾತ್ರೆಯ ವರ್ಷ, ಎರಡನೆಯದು ಜಾತ್ರೆಯಿಲ್ಲದಾಗ ಬೀದಿಯಲ್ಲಿ ಕುಣಿಯುವ ಬೇಡರ ವೇಷದ ವರ್ಷ. ಎರಡನ್ನೂ ನೋಡದೆ ಶಿರಸಿಯ ಪತ್ರಿಕೆಯ ಬಗ್ಗೆ ತೀರ್ಪು ಕೊಡುವುದು ನ್ಯಾಯವಲ್ಲ. ಪತ್ರಿಕೆಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ, ಏಕೆಂದರೆ ಇಲ್ಲಿ ಹೇಳುವ ಗುಣದೋಷಗಳು ಸಣ್ಣ ಊರುಗಳ ಇಂಥ ಪತ್ರಿಕೆಗಳಿಗೆಲ್ಲ ಹೆಚ್ಚುಕಡಿಮೆ ಸಲ್ಲುತ್ತವೆ.

ಎಂಟು ಪುಟ, ಸಣ್ಣ ಆಕಾರ, ಹೊರಪುಟಗಳಿಗೆ ಮಾತ್ರ ಬಣ್ಣ, ಬಿಡಿ ಪ್ರತಿಗೆ 5 ರೂಪಾಯಿ, ಶುಕ್ರವಾರ ಪ್ರಕಟಣೆ. ಅಚ್ಚು ಸ್ವಚ್ಛವಾಗಿದೆ, ಕಾಗುಣಿತದ ತಪ್ಪುಗಳು ದೊಡ್ಡ ಪತ್ರಿಕೆಗಳಲ್ಲಿರುವುದಕ್ಕಿಂತ ಕಡಿಮೆ. ಇಷ್ಟು ಹೇಳಿದರೆ ಹೊರರೂಪದ ವಿಚಾರ ಮುಗಿಯಿತು.

2024ರ ಮಾರಿಕಾಂಬಾ ಜಾತ್ರೆ ಮಾರ್ಚ್ 19ರ ಮಂಗಳವಾರದಿಂದ 27ರ ಬುಧವಾರದವರೆಗೆ ಒಂಬತ್ತು ದಿನ ನಡೆಯಿತು. ಅದಕ್ಕಾಗಿ ಪತ್ರಿಕೆ ಹೊರತಂದ ವಿಶೇಷ ಸಂಚಿಕೆಯನ್ನು ನಾನು ಇನ್ನೂ ಎತ್ತಿಟ್ಟುಕೊಂಡಿದ್ದೇನೆ. 1688ರಲ್ಲಿ ಕಟ್ಟಿದ ದೇವಸ್ಥಾನದ ಚರಿತ್ರೆ ಮತ್ತು ಗೋಡೆಗಳ ಕಾವಿ ಕಲೆಯ ಬಗ್ಗೆ ಬಂದ ಲೇಖನಗಳು ಹಳೆಯ ಸಂಚಿಕೆಗಳಿಂದ ಎತ್ತಿದಂತೆ ತೋರಿದರೂ, 1934ರಲ್ಲಿ ಗಾಂಧೀಜಿಯವರು ಹರಿಜನ ಯಾತ್ರೆಯ ದಾರಿಯಲ್ಲಿ ಶಿರಸಿಗೆ ಬಂದಾಗ ಪ್ರಾಣಿಬಲಿಯ ಕಾರಣಕ್ಕೆ ಗುಡಿಯೊಳಗೆ ಹೋಗಲು ಒಪ್ಪದಿದ್ದುದನ್ನೂ, ಆಮೇಲೆ ಕೋಣನ ಬಲಿ ನಿಂತದ್ದನ್ನೂ ಕುರಿತ ಬರಹ ಮಾತ್ರ ತೂಕದ್ದಾಗಿತ್ತು. ಊರೊಂದು ತನ್ನ ದೊಡ್ಡ ಹಬ್ಬದ ನಡಾವಳಿಯನ್ನೇ ತಿದ್ದಿಕೊಂಡ ಪ್ರಸಂಗವನ್ನು ಭಕ್ತಿಗೂ ಧಕ್ಕೆಯಾಗದಂತೆ, ವಿಷಯಕ್ಕೂ ಮುಸುಕು ಹಾಕದಂತೆ ಬರೆಯುವುದು ಸುಲಭವಲ್ಲ.

ಆದರೆ ಜಾತ್ರೆಗೆ ಬರುವವನಿಗೆ ಮೊದಲು ಬೇಕಾದದ್ದು ಚರಿತ್ರೆಯಲ್ಲ, ದಿನಚರಿ. ಜಾತ್ರೆಗೆ ಮುನ್ನಿನ ವಿಧಿಗಳಾದ ಹೊರಬೀಡುಗಳು ಯಾವಾಗ, ಅಂಕೆ ಹಾಕುವುದು ಎಂದು, ಮಂಗಳವಾರ ರಾತ್ರಿ ದೇವಿಯ ಕಲ್ಯಾಣ ಎಷ್ಟು ಹೊತ್ತಿಗೆ, ಬುಧವಾರ ರಥ ಎಳೆಯುವ ಹೊತ್ತಿನಲ್ಲಿ ಯಾವ ಬೀದಿಗೆ ವಾಹನ ಬಿಡುವುದಿಲ್ಲ, ಜಾತ್ರೆಯ ದಿನಗಳಲ್ಲಿ ದೇವಿ ಕೂರುವ ಬಿಡಕಿಬೈಲಿನ ಗದ್ದುಗೆಯಲ್ಲಿ ಉಡಿ ಸೇವೆ ಎಂದಿನಿಂದ ಆರಂಭ, ಹುಬ್ಬಳ್ಳಿ ಕಡೆಯ ಬಸ್ಸು ಎಲ್ಲಿ ನಿಲ್ಲುತ್ತದೆ, ಸಾಗರದ ಕಡೆಯದು ಎಲ್ಲಿ ಎಂಬ ಪ್ರಶ್ನೆಗಳಿಗೆ ಉತ್ತರವಿರುವ ಪುಟವೊಂದನ್ನು ಮುಖಪುಟದಲ್ಲೇ ಹಾಕಿದ್ದರೆ ಆ ಸಂಚಿಕೆ ಪ್ರತಿ ಮನೆಯ ಗೋಡೆಯ ಮೇಲೂ ಇರುತ್ತಿತ್ತು. ಪತ್ರಿಕೆ ಮಾಡಿದ್ದು ಬೇರೆ. ಮುಖಪುಟದಲ್ಲಿ ‘ಸಕಲ ಸಿದ್ಧತೆ ಪೂರ್ಣ’ ಎಂಬ ಅರ್ಥದ ಹೇಳಿಕೆ, ಆರನೆಯ ಪುಟದಲ್ಲಿ ಶುಭಾಶಯದ ಜಾಹೀರಾತುಗಳ ನಡುವೆ ಭೂತಗನ್ನಡಿ ಹಿಡಿದು ಹುಡುಕಬೇಕಾದ ಕಾರ್ಯಕ್ರಮ ಪಟ್ಟಿ. ಜಾತ್ರೆ ಮುಗಿದ ಮೇಲಿನ ಸಂಚಿಕೆಯಲ್ಲಿ ಮಾತ್ರ ಬಸ್ಸಿಗಾಗಿ ಅಲೆದವರ, ಶೌಚಾಲಯ ಸಿಗದೆ ಕಷ್ಟಪಟ್ಟವರ, ವಾಹನ ನಿಲ್ಲಿಸಲು ಜಾಗ ಕಾಣದವರ ದೂರುಗಳೆಲ್ಲ ಸವಿಸ್ತಾರವಾಗಿ ಬಂದವು. ಅವು ನಿಜವಾದ ದೂರುಗಳೇ. ಆದರೆ ಅವುಗಳಲ್ಲಿ ಅರ್ಧದಷ್ಟು ಒಂದು ನಕ್ಷೆ ಮತ್ತು ಒಂದು ವೇಳಾಪಟ್ಟಿಯಿಂದ ತಪ್ಪುತ್ತಿದ್ದವು, ಮುಂದಿನ ಅವಕಾಶ ಎರಡು ವರ್ಷದ ನಂತರ.

ಇನ್ನೊಂದು ವಿವರವನ್ನು ಪತ್ರಿಕೆ ಪೂರ್ತಿ ಬಿಟ್ಟೇಬಿಟ್ಟಿತ್ತು. ಜಾತ್ರೆ ಮುಗಿದ ಬುಧವಾರದಿಂದ ಯುಗಾದಿಯಂದು ಪುನಃ ಪ್ರತಿಷ್ಠೆಯಾಗುವವರೆಗೆ ಗುಡಿಯಲ್ಲಿ ದೇವಿಯ ದರ್ಶನವಿಲ್ಲ. 2024ರಲ್ಲಿ ಯುಗಾದಿ ಬಂದದ್ದು ಏಪ್ರಿಲ್ 9ಕ್ಕೆ. ಗದ್ದಲ ಕಳೆಯಲಿ ಎಂದು ಕಾದು ಮಾರ್ಚ್ ಕೊನೆಗೆ ದೂರದಿಂದ ಬಂದವರು ಮಾರಿಗುಡಿಯ ಬಾಗಿಲಿನಿಂದ ಮರಳುವುದು ಪ್ರತಿ ಜಾತ್ರೆಯಲ್ಲೂ ಇದ್ದದ್ದೇ. ಊರವರಿಗೆ ಗೊತ್ತಿರುವ ವಿಷಯವೆಂದು ಸಂಪಾದಕರು ಭಾವಿಸಿರಬಹುದು, ಆದರೆ ಚಂದಾದಾರರಲ್ಲಿ ಊರು ಬಿಟ್ಟವರೇ ಹೆಚ್ಚು. ಒಂದು ಲಾಭವನ್ನಂತೂ ಒಪ್ಪಿಕೊಳ್ಳಬೇಕು: ಮಾರ್ಚ್ 16ರಂದೇ ಲೋಕಸಭಾ ಚುನಾವಣೆಯ ನೀತಿ ಸಂಹಿತೆ ಜಾರಿಯಾದದ್ದರಿಂದ ಆ ವರ್ಷದ ವರದಿಗಳಲ್ಲಿ ಗಣ್ಯರ ಹೆಸರುಗಳು ತೆಳುವಾಗಿ, ದೇವಿಗೆ ಒಂದೆರಡು ಅಂಕಣ ಹೆಚ್ಚು ಸಿಕ್ಕಿತು.

ಜಾತ್ರೆಯಿಲ್ಲದ ವರ್ಷ ಹೋಳಿಗೆ ಮುನ್ನಿನ ರಾತ್ರಿಗಳಲ್ಲಿ ಶಿರಸಿಯ ಬೀದಿಗಳು ಬೇಡರ ವೇಷದ್ದು. ಬೆನ್ನಿಗೆ ನವಿಲುಗರಿಯ ದೊಡ್ಡ ಚಕ್ರ, ಮುಖಕ್ಕೆ ಕೆಂಪು ಬಣ್ಣ, ಕೈಯಲ್ಲಿ ಕತ್ತಿ ಗುರಾಣಿ, ತಮಟೆಯ ಬಡಿತಕ್ಕೆ ಎಗರುವ ಬೇಡನನ್ನು ಸೊಂಟದ ಹಗ್ಗ ಹಿಡಿದು ಹಿಂದಕ್ಕೆಳೆಯುವ ಇಬ್ಬರು. ಸೋಂದೆ ಅರಸರ ಕಾಲದ ಮಲ್ಲೇಶಿ ಮತ್ತು ರುದ್ರಾಂಬಿಕೆಯ ಕಥೆಯೊಂದಿಗೆ ಜನ ಇದನ್ನು ಸೇರಿಸಿ ಹೇಳುತ್ತಾರೆ. 2025ರ ಮಾರ್ಚಿನಲ್ಲಿ ಪತ್ರಿಕೆ ಕೊಟ್ಟ ಚಿತ್ರಪುಟ ಬೆರಗಾಗುವಂತಿತ್ತು. ಬಣ್ಣ ಬಳಿಸಿಕೊಳ್ಳುತ್ತ ಗಂಟೆಗಟ್ಟಲೆ ಕೂತ ಹುಡುಗನ ಚಿತ್ರ, ಹದ ಮಾಡಲು ತಮಟೆಯನ್ನು ಬೆಂಕಿಗೆ ಹಿಡಿದವರ ಚಿತ್ರ ಬೇರೆಲ್ಲೂ ಬಂದದ್ದನ್ನು ನಾನು ಕಂಡಿಲ್ಲ. ಛಾಯಾಗ್ರಾಹಕರು ಯಾರೋ, ಕೇರಿಯ ಒಳಗಿನವರೇ ಇರಬೇಕು. ಆದರೆ ಇಲ್ಲಿಯೂ ಅದೇ ಕೊರತೆ. ಯಾವ ಕೇರಿಯ ತಂಡ ಯಾವ ರಾತ್ರಿ ಹೊರಡುತ್ತದೆ, ಶಿವಾಜಿ ಚೌಕಕ್ಕೆ ಸುಮಾರು ಎಷ್ಟು ಹೊತ್ತಿಗೆ ಬರುತ್ತದೆ, ಯಲ್ಲಾಪುರದಿಂದಲೋ ಸಿದ್ದಾಪುರದಿಂದಲೋ ಮಕ್ಕಳನ್ನು ಕರೆದುಕೊಂಡು ಬರುವವರು ಎಲ್ಲಿ ನಿಂತರೆ ಒಳ್ಳೆಯದು ಎಂಬ ಮಾತು ಹಿಂದಿನ ವಾರದ ಸಂಚಿಕೆಯಲ್ಲಿ ಒಂದು ಸಾಲೂ ಇರಲಿಲ್ಲ. ಬೇಡನು ಹೇಳಿದ ಹೊತ್ತಿಗೆ ಬರುವವನಲ್ಲ, ನಿಜ. ಆದರೆ ರಾತ್ರಿ ಯಾವುದೆಂಬುದು ಕೇರಿಯವರಿಗೆ ಮೊದಲೇ ಗೊತ್ತಿರುತ್ತದೆ.

ಆಲೆಮನೆಯ ವಿಚಾರದಲ್ಲಂತೂ ಈ ದೋಷ ತಮಾಷೆಯ ಮಟ್ಟಕ್ಕೆ ಹೋಗುತ್ತದೆ. ಕಬ್ಬು ಅರೆಯುವ ದಿನಗಳಲ್ಲಿ ಹಳ್ಳಿಯ ಸಂಘಗಳೂ ಶಾಲೆಗಳೂ ಆಲೆಮನೆ ಹಬ್ಬ ಇಟ್ಟುಕೊಂಡು, ಬಂದವರಿಗೆ ಕಬ್ಬಿನ ಹಾಲು, ಮಂಡಕ್ಕಿ, ಮಿರ್ಚಿ ಭಜಿ ಕೊಟ್ಟು, ಕಬ್ಬಿನ ಹಾಲಿನ ತೆಳು ಸಿಹಿತಿಂಡಿ ತೊಡದೇವು ಮತ್ತು ದ್ರವರೂಪದ ಜೋನಿಬೆಲ್ಲ ಮಾರುತ್ತವೆ. ‘ಯಶಸ್ವಿಯಾಗಿ ಜರುಗಿದ ಆಲೆಮನೆ ಹಬ್ಬ’ ಎಂಬ ಶೀರ್ಷಿಕೆಯನ್ನು ಶುಕ್ರವಾರ ಓದಿದವನು ಏನು ಮಾಡಬೇಕು? ವೇದಿಕೆಯಲ್ಲಿ ಯಾರು ಪ್ರಾಸ್ತಾವಿಕ ಮಾತನಾಡಿದರು, ಯಾರು ಸ್ವಾಗತಿಸಿದರು, ಯಾರು ವಂದಿಸಿದರು ಎಂಬುದೆಲ್ಲ ಆ ವರದಿಯಲ್ಲಿ ಇರುತ್ತದೆ. ಹಾಲು ಹೇಗಿತ್ತು ಎಂಬುದು ಮಾತ್ರ ಇರುವುದಿಲ್ಲ. ಇದಕ್ಕೆ ಹೋಲಿಸಿದರೆ ಅದೇ ಪುಟದ ಯಕ್ಷಗಾನದ ಜಾಹೀರಾತನ್ನು ನೋಡಬೇಕು. ಸ್ಥಳ, ದಿನ, ಗಂಟೆ, ಪ್ರಸಂಗ, ಭಾಗವತರು, ಮದ್ದಲೆ, ಚಂಡೆ, ಮುಮ್ಮೇಳದವರೆಲ್ಲರ ಹೆಸರು, ಕಾಲಮಿತಿಯೋ ಬೆಳಗಿನವರೆಗೋ ಎಂಬ ಸೂಚನೆ, ಊಟವುಂಟೆಂಬ ಭರವಸೆ ಎಲ್ಲವೂ ಅಂಗೈಯಗಲ ಜಾಗದಲ್ಲಿ ಅಡಕವಾಗಿರುತ್ತದೆ. ದುಡ್ಡು ಕೊಟ್ಟು ಹಾಕಿಸುವವರು ಓದುಗನಿಗೆ ಏನು ಬೇಕೆಂದು ಯೋಚಿಸಿರುತ್ತಾರೆ, ವರದಿ ಬರೆಯುವವರು ವೇದಿಕೆಯ ಮೇಲಿದ್ದವರಿಗೆ ಏನು ಬೇಕೆಂದು ಯೋಚಿಸಿರುತ್ತಾರೆ.

ಈ ಪತ್ರಿಕೆಯ ಅತ್ಯುತ್ತಮ ಭಾಗ ಕೊನೆಯ ಪುಟದ ಮಾರುಕಟ್ಟೆ ಅಂಕಣ. ರಾಶಿ, ಬೆಟ್ಟೆ, ತಟ್ಟಿಬೆಟ್ಟೆ, ಚಾಲಿ, ಕೆಂಪುಗೋಟು, ಬಿಳೆಗೋಟು, ಕೋಕಾ ಎಂದು ಅಡಿಕೆಯ ಒಂದೊಂದು ದರ್ಜೆಗೂ ಕನಿಷ್ಠ, ಗರಿಷ್ಠ, ಸರಾಸರಿ ದರವನ್ನು ಕೊಟ್ಟು, ಪಕ್ಕದಲ್ಲಿ ಹಿಂದಿನ ವಾರದ ಸರಾಸರಿಯನ್ನೂ ಕೊಡುತ್ತಾರೆ. ದಿನದ ದರ ಈಗ ಫೋನಿನಲ್ಲಿಯೇ ಸಿಗುವಾಗ ಇದೇಕೆ ಎನ್ನಬಹುದು. ಆದರೆ ಹಣ್ಣಡಿಕೆಯನ್ನು ಒಣಹಾಕಿ ಚಾಲಿ ಮಾಡುವವನು ಒಂದೂವರೆ ತಿಂಗಳು ಕಾಯುವವನು. ಅವನಿಗೆ ಒಂದು ದಿನದ ದರಕ್ಕಿಂತ ವಾರದಿಂದ ವಾರಕ್ಕೆ ದರ ಯಾವ ಕಡೆ ವಾಲುತ್ತಿದೆ ಎಂಬುದು ಮುಖ್ಯ. 2019ರಲ್ಲಿ ಭೌಗೋಳಿಕ ಗುರುತು ಪಡೆದ ಶಿರಸಿ ಅಡಿಕೆಗೆ ಆ ಗುರುತಿನಿಂದ ಮಾರುಕಟ್ಟೆಯಲ್ಲಿ ಏನಾದರೂ ಹೆಚ್ಚು ಸಿಗುತ್ತಿದೆಯೇ ಎಂದು ಈ ಅಂಕಣಕಾರರು ಕೇಳಿದ ಪ್ರಶ್ನೆ ಸರಿಯಾದದ್ದು, ಅದನ್ನು ಬಿಡದೆ ಮುಂದುವರಿಸಬೇಕು. ಮಾರ್ಚ್ ತಿಂಗಳಿನಲ್ಲಿ ಇದೇ ಅಂಕಣದ ಕೆಳಗೆ ಮಾವಿನ ಮಿಡಿಯ ದರವೂ ಬರುತ್ತದೆ. ಹೊಳೆಯಂಚಿನ ಮರದ ಜೀರಿಗೆ ಪರಿಮಳದ ಅಪ್ಪೆಮಿಡಿಗೂ ಸಾಮಾನ್ಯ ಕಾಡುಮಿಡಿಗೂ ನೂರರ ಲೆಕ್ಕದಲ್ಲಿ ಬೇರೆ ಬೇರೆ ಬೆಲೆ ಕೊಟ್ಟಿರುವುದು, ತೊಟ್ಟು ಮುರಿದು ಸೊನೆ ಚಿಮ್ಮುವುದನ್ನು ನೋಡಿ ಕೊಳ್ಳಿ ಎಂದು ಎಚ್ಚರಿಸಿರುವುದು ಉಪ್ಪಿನಕಾಯಿ ಹಾಕುವ ಮನೆಯವರಿಗೆ ಎಂಟು ಪುಟದಲ್ಲಿ ಸಿಗುವ ಅತಿ ಉಪಯುಕ್ತ ಸಾಲುಗಳು. ಬರೆಯುವವರಿಗೆ ಓದುವವರು ಯಾರೆಂದು ಗೊತ್ತಿರುವುದು ಈ ಅಂಕಣದಲ್ಲಿ ಎದ್ದು ಕಾಣುತ್ತದೆ.

ಇದಕ್ಕೆ ತದ್ವಿರುದ್ಧವಾಗಿ, ಪತ್ರಿಕೆ ಎಡವಿದ್ದನ್ನು ನಾನು ಕ್ಷಮಿಸಲಾರದ ವಿಷಯವೊಂದಿದೆ. ಮಂಗನ ಕಾಯಿಲೆ ನಮ್ಮ ಸೀಮೆಗೆ ಹೊಸದಲ್ಲ. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದ ಈ ಜ್ವರ ಉಣುಗುಗಳಿಂದ ಹರಡುತ್ತದೆ. ದರಕು ಅಂದರೆ ಒಣ ಎಲೆ ಗುಡಿಸಲು, ಸೊಪ್ಪು ಸೌದೆಗೆ ಜನ ಬೆಟ್ಟಕ್ಕೆ ಹೋಗುವ ಬೇಸಿಗೆಯ ತಿಂಗಳುಗಳಲ್ಲೇ ಅದರ ಕಾಟ ಹೆಚ್ಚು. 2024ರಲ್ಲಿ ಸಿದ್ದಾಪುರ ತಾಲ್ಲೂಕಿನಲ್ಲಿ ರೋಗ ಹೆಚ್ಚಿ ಸಾವುಗಳೂ ಆದವು. ಹಳೆಯ ಲಸಿಕೆ ಪರಿಣಾಮಕಾರಿಯಲ್ಲವೆಂದು ನಿಂತುಹೋಗಿರುವಾಗ ಉಳಿದದ್ದು ಮುನ್ನೆಚ್ಚರಿಕೆ ಮಾತ್ರ: ಬೆಟ್ಟಕ್ಕೆ ಹೋಗುವ ಮುಂಚೆ ಉಣುಗು ಹತ್ತದಂತೆ ಕೈಕಾಲಿಗೆ ಡೆಪಾ ತೈಲ ಹಚ್ಚಿಕೊಳ್ಳುವುದು, ಮೈ ಮುಚ್ಚುವ ಬಟ್ಟೆ ತೊಡುವುದು, ಬಂದ ಕೂಡಲೇ ಬಿಸಿನೀರಿನ ಸ್ನಾನ, ಮಂಗ ಸತ್ತು ಬಿದ್ದರೆ ಹತ್ತಿರ ಹೋಗದೆ ತಿಳಿಸುವುದು, ಜ್ವರ ಬಂದರೆ ತಡಮಾಡದೆ ರಕ್ತಪರೀಕ್ಷೆ. ಈ ಐದಾರು ಸಾಲುಗಳು ಡಿಸೆಂಬರಿನಿಂದಲೇ ಪ್ರತಿ ವಾರ ಒಂದೇ ಜಾಗದಲ್ಲಿ, ಚೌಕಟ್ಟಿನೊಳಗೆ ಬರಬೇಕಿತ್ತು. ಬಂದದ್ದು ಸಾವಿನ ಸುದ್ದಿ, ಸಾಂತ್ವನ ಹೇಳಲು ಹೋದವರ ಚಿತ್ರ, ಪರಿಹಾರದ ಆಗ್ರಹ. ಚೌಕಟ್ಟು ಬರುವ ಹೊತ್ತಿಗೆ ಬಿಸಿಲು ಬಲಿತಿತ್ತು. 2025ರಲ್ಲಿ ಸ್ವಲ್ಪ ಬೇಗ ಎಚ್ಚೆತ್ತುಕೊಂಡಿದ್ದಾರೆ ಎಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು.

ನಿಧನ ವಾರ್ತೆಗಳು ಅಚ್ಚುಕಟ್ಟಾಗಿವೆ, ಊರಿನ ಜೊತೆ ಮನೆತನದ ಗುರುತೂ ಇರುತ್ತದೆ. ಕೆಂಗ್ರೆ ಮತ್ತು ಮಾರಿಗದ್ದೆಯಿಂದ ಬರುವ ನಗರದ ನೀರು ಬೇಸಿಗೆಗೆ ಸಾಕಾದೀತೇ ಎಂಬ ವರದಿ ಪ್ರತಿ ಮಾರ್ಚಿನಲ್ಲೂ ಬರುತ್ತದೆ, ಚೆನ್ನಾಗಿಯೇ ಬರುತ್ತದೆ. ವಿದ್ಯುತ್ ನಿಲುಗಡೆಯ ಪ್ರಕಟಣೆಗಳು ಮಾತ್ರ ಅರ್ಧದಷ್ಟು ಸಲ ನಿಲುಗಡೆ ಆಗಿಹೋದ ಮೇಲೆ ಕೈಸೇರುತ್ತವೆ.

ಮುಖಪುಟದ ಬಗ್ಗೆ ಒಂದು ಮಾತು. ಬೆಂಗಳೂರಿನ ರಾಜಕೀಯವನ್ನು ಅಲ್ಲಿ ಹಾಕುವುದನ್ನು ಪತ್ರಿಕೆ ಏಕೆ ಬಿಟ್ಟಿಲ್ಲವೋ ತಿಳಿಯದು. ಆ ಸುದ್ದಿಯನ್ನು ಓದುಗರು ವಾರದ ಹಿಂದೆಯೇ ಟಿವಿಯಲ್ಲಿ ನೋಡಿರುತ್ತಾರೆ. 1843ರ ಜುಲೈನಲ್ಲಿ ಹರ್ಮನ್ ಮೊಗ್ಲಿಂಗ್ ಕಲ್ಲಚ್ಚಿನಲ್ಲಿ ಹೊರತಂದ ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ ಕೂಡ ಊರ ವರ್ತಮಾನಕ್ಕೆ ಅದರದೇ ಜಾಗವನ್ನು ಮೀಸಲಿಟ್ಟಿತ್ತು. ನಮ್ಮ ವಾರಪತ್ರಿಕೆ ಮೊದಲ ಪುಟವನ್ನು ಪೂರ್ತಿ ಮುಂದಿನ ಎಂಟು ದಿನಗಳಿಗೆ ಕೊಟ್ಟು, ಆದದ್ದನ್ನೆಲ್ಲ ಒಳಕ್ಕೆ ತಳ್ಳಿದರೆ ಬೇರೇನೂ ಬದಲಿಸಬೇಕಾಗಿಲ್ಲ. ಮಾಹಿತಿ ಈಗಾಗಲೇ ಕಚೇರಿಗೆ ಬರುತ್ತಿದೆ: ಆಮಂತ್ರಣ ಪತ್ರಿಕೆಯ ರೂಪದಲ್ಲಿ, ಜಾಹೀರಾತಿನ ರೂಪದಲ್ಲಿ, ದೂರವಾಣಿ ಕರೆಯಾಗಿ.

ಊರಿನಲ್ಲಿರುವವರು ಚಂದಾ ಕಟ್ಟುವುದಕ್ಕಿಂತ ಶುಕ್ರವಾರ ಸಂಜೆ ಅಂಗಡಿಯಲ್ಲಿ ಕೊಳ್ಳುವುದು ಒಳ್ಳೆಯದು; ಶನಿವಾರ, ಭಾನುವಾರದ ಯಕ್ಷಗಾನ ಮತ್ತು ಆಲೆಮನೆಯ ಜಾಹೀರಾತುಗಳಾದರೂ ಕೆಲಸಕ್ಕೆ ಬರುತ್ತವೆ. ಅಡಿಕೆ ಬೆಳೆಗಾರರು ಕಣ್ಣುಮುಚ್ಚಿ ತರಿಸಬಹುದು. ಬೆಂಗಳೂರಿನಲ್ಲಿರುವ ನನ್ನ ತಮ್ಮನಿಗೆ ಅಂಚೆಯಲ್ಲಿ ಹೋಗುವ ಪತ್ರಿಕೆ ಮಂಗಳವಾರಕ್ಕೆ ಮೊದಲು ಸಿಗುವುದಿಲ್ಲ, ಬೇಡರ ವೇಷದ ಚಿತ್ರಪುಟ ಮಡಿಕೆ ಬಿದ್ದು ಹರಿದಿತ್ತು. ಆದರೂ ಈ ವರ್ಷವೂ ಅವನ ಹೆಸರಿನ ಚಂದಾ ಕಟ್ಟಿದ್ದೇನೆ, ಕಟ್ಟುವಾಗ ಕಾರ್ಯಾಲಯದವರ ಕೈಗೆ ಕಾರ್ಯಕ್ರಮ ಪಟ್ಟಿಯನ್ನು ಆರನೆಯ ಪುಟದಿಂದ ಮೊದಲನೆಯದಕ್ಕೆ ತನ್ನಿ ಎಂದು ಬರೆದ ಪತ್ರವನ್ನೂ ಕೊಟ್ಟಿದ್ದೇನೆ.